ಬುಧವಾರದ ನೀರುಕಾಗೆಗಳು

ನವೆಂಬರ್ ಬಂತೆಂದರೆ ಪುಂತಾ ಅರೇನಾಸಿನ ಬೀದಿಗಳಿಗೆ
ಹಗ್ಗ ಕಟ್ಟುತ್ತಾರೆ,
ಗಾಳಿಗೆ ಮನುಷ್ಯರು ಹಾರಿಹೋಗದಿರಲೆಂದು.
ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಪೆನ್‌ಡ್ರೈವು,
ಹುಡುಗರು ಒಬ್ಬೊಬ್ಬರೇ ನನ್ನ ನೆಲಮಾಳಿಗೆಗೆ ಇಳಿಯುತ್ತಾರೆ.

ನಾನು ನೆಲ್ದಾ. ವಿಶ್ವವಿದ್ಯಾಲಯದ ದೊಡ್ಡ ಪ್ರಿಂಟರಿಗೆ ಯಜಮಾನಿ,
ಅಂದರೆ ಅದರ ಆಳು.
ನಾಳೆ ಪದವಿ ಹುಡುಗರ ಸಂಶೋಧನೆಯ ಹಬ್ಬ.
ನಲವತ್ತೊಂದು ಪೋಸ್ಟರು. ನೀಲಿ ಶಾಯಿ ತಳ ಕಂಡಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು, ಗೊತ್ತು.
ಆದರೂ ಕಾಗದ ಹೊರಬರುವಾಗ
ಅವರು ನಿಲ್ಲುವ ರೀತಿ ನೋಡಬೇಕು,
ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಗಂಡಸರ ಹಾಗೆ,
ಕೈ ಎಲ್ಲಿಡುವುದೆಂದು ತಿಳಿಯದೆ.

ರಾಯೆನ್ ನೌಟೊ ಜೌಗಿನ ಪಾಚಿ ಹಿಂಡಿ ಹಿಂಡಿ
ಒಂದು ಹಿಡಿಯಲ್ಲಿ ಎಷ್ಟು ಮಳೆ ಇದೆಯೆಂದು ತೂಗಿದ್ದಾಳೆ.
ಇನ್ನೊಬ್ಬ, ಕ್ರೊಯೇಷಿಯಾದಿಂದ ಬಂದವರ ಮರಿಮಗ,
ಅಜ್ಜಿಯರ ಬಾಯಲ್ಲಿ ಉಳಿದ ಹಳೆಯ ಬೈಗುಳ ಕೂಡಿಟ್ಟಿದ್ದಾನೆ.
ಮೂವತ್ತಾರು. ಅದರಲ್ಲಿ ಎಂಟು
ಅಚ್ಚಿಗೆ ಯೋಗ್ಯವಲ್ಲ. ಅಚ್ಚು ಹಾಕಿದೆ.

ರಾತ್ರಿ ಹನ್ನೊಂದೂವರೆಗೆ ಯೆರ್ಕೊ ಒಯಾರ್ಸೊ ಬಂದ.
ಹಲಗೆಯೆಲ್ಲ ಉದುರಿ ಕಂಬ ಮಾತ್ರ ನಿಂತ
ಹಳೆಯ ಹಡಗುಕಟ್ಟೆ ಇದೆಯಲ್ಲ,
ಅದರ ಮೇಲಿನ ನೀರುಕಾಗೆಗಳನ್ನು
ಎರಡು ವರ್ಷ ಎಣಿಸಿದವನು.
ಹಡಗು ಕೂಗಿದ ದಿನ ಎಷ್ಟು, ಕೂಗದ ದಿನ ಎಷ್ಟು.
ಪೆನ್ಸಿಲ್ ಹಿಡಿಯಲೆಂದು ಕೈಗವಸಿನ ತುದಿ ಕತ್ತರಿಸಿಕೊಂಡು,
ಮೂಗು ಸೋರುತ್ತ,
ಒಂದು, ಎರಡು, ಹದಿನೇಳು, ಎಲ್ಲ ಎದ್ದವು,
ಮತ್ತೆ ಒಂದರಿಂದ.

ತೀರ್ಮಾನದ ಜಾಗದಲ್ಲಿ ಒಂದೇ ಸಾಲು:
ವ್ಯತ್ಯಾಸ ಕಂಡುಬರಲಿಲ್ಲ.

"ಅಕ್ಷರ ಸ್ವಲ್ಪ ಸಣ್ಣದು ಮಾಡಲೇ?" ಎಂದೆ.
ನೋವಿನ ಮಾತನ್ನು ಸಣ್ಣಗೆ ಹೇಳುವುದು ವಾಡಿಕೆ.
ಅವನು ಒಂದಿಷ್ಟು ಹೊತ್ತು ಯಂತ್ರದ ಸದ್ದು ಕೇಳಿದ.
"ಬೇಡ ದೋನ್ಯ ನೆಲ್ದಾ, ದೊಡ್ಡದು ಮಾಡಿ.
ಎರಡು ವರ್ಷಕ್ಕೆ ಸಿಕ್ಕಿದ್ದು ಅದೊಂದೇ."

ಮಾಡಿದೆ. ಅಷ್ಟರಲ್ಲಿ ನೀಲಿ ಮುಗಿಯಿತು.
ಅವನ ಕಡಲು ಮೇಲರ್ಧ ಕಡಲಾಗಿ,
ಕೆಳಗರ್ಧ ಸಾಸಿವೆ ಹೊಲವಾಗಿ ಹೊರಬಂತು.

ಮರುದಿನ ನಾನೂ ಹೋದೆ, ಏಪ್ರನ್ ಬಿಚ್ಚಿಟ್ಟು.
ತೀರ್ಪುಗಾರರು ಯೆರ್ಕೊನ ಮುಂದೆ ಹೂಂ ಅಂದರು,
ಗಡಿಯಾರ ನೋಡಿದರು, ಪಾಚಿಯ ಕಡೆಗೆ ನಡೆದರು.
ಆಮೇಲೆ ಬಂದಳು ಅವನ ಚಿಕ್ಕಮ್ಮ ಓರ್ಫೆಲಿನಾ,
ಏಡಿ ಕಾರ್ಖಾನೆಯ ಪಾಳಿಯಿಂದ ನೇರವಾಗಿ,
ಬಿಳಿ ರಬ್ಬರ್ ಬೂಟು, ಮೈತುಂಬ ಉಪ್ಪುವಾಸನೆ.
ಸುತ್ತಲಿದ್ದವರು ಒಂದು ಹೆಜ್ಜೆ ಸರಿದರು.
ಅವಳು ಅಕ್ಷರ ಅಕ್ಷರವಾಗಿ ಓದಿದಳು,
ನಕ್ಷೆಯ ಗೆರೆಯ ಮೇಲೆ ಬೆರಳಿಟ್ಟು,
ಏಡಿಯ ಚಿಪ್ಪಿನ ಸೀಳು ಹುಡುಕುವ ಹಾಗೆ.

"ಎಲ್ಲ ಬುಧವಾರವೇ ಎಣಿಸಿದ್ದೀಯಲ್ಲ ಮಗಾ?"
"ಬುಧವಾರ ತರಗತಿ ಇರಲ್ಲ ಚಿಕ್ಕಮ್ಮ."
"ಬುಧವಾರ ನಾವು ಕಾರ್ಖಾನೆ ತೊಳೀತೀವಿ.
ಚೂರೆಲ್ಲ ಕಡಲಿಗೆ. ಚೂರಿಗೆ ಮೀನು, ಮೀನಿಗೆ ಹಕ್ಕಿ.
ಹಡಗು ಕೂಗಲಿ, ಆಕಾಶ ಕಳಚಿ ಬೀಳಲಿ,
ಊಟ ಬಿಟ್ಟು ಎದ್ದು ಹೋಗ್ತಾವಾ?"

ಹುಡುಗನ ಕಿವಿ ಕೆಂಪಾಯಿತು. ನಾನು ಬೇರೆ ಕಡೆ ನೋಡಿದೆ.
ಎರಡು ವರ್ಷ, ಎಷ್ಟೊಂದು ಚಳಿ.
ತಿರುಗಿ ನೋಡಿದರೆ ನಗುತ್ತಿದ್ದಾನೆ,
ಹುಚ್ಚು ಹಿಡಿದವನಂತೆ, ಹಲ್ಲೆಲ್ಲ ತೋರಿಸಿ.
ಯಾರದೋ ಜೇಬಿನಿಂದ ಪೆನ್ನು ಕಿತ್ತು
ಆ ಹಳದಿ ಕಡಲಿನ ಮೇಲೆ ಬರೆದ:
ಗುರುವಾರ?

ಪ್ರೊಫೆಸರ್ ಸಿಲ್ಯಾ ವುಕಾಸೊವಿಚ್ ಓಡಿಬಂದು
ಓರ್ಫೆಲಿನಾಳಿಗೆ ಕುರ್ಚಿ ಹಾಕಿಸಿದರು,
ಚಹಾ ತರಿಸಿದರು, ನೋಟುಪುಸ್ತಕ ತೆರೆದರು.
ಬಹುಮಾನ ಪಾಚಿಗೆ ಹೋಯಿತು. ಸರಿಯೇ ಅನ್ನಿ.
ಆ ಮೂಲೆಯಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಇವತ್ತು ಗುರುವಾರ.
ನನ್ನ ಕಿಟಕಿಯಿಂದ ಕಾಣುವುದು ಕಾಲುಗಳು ಮಾತ್ರ.
ಬೆಳಿಗ್ಗೆ ಆರೂಕಾಲಿಗೆ ಎರಡು ಜೊತೆ
ಗಾಳಿಗೆ ಎದುರಾಗಿ ಕಡಲ ಕಡೆ ಹೋದವು:
ಒಂದು ಸವೆದ ಕ್ಯಾನ್ವಾಸು,
ಒಂದು ಬಿಳಿ ರಬ್ಬರು.

ನೀಲಿ ಶಾಯಿಗೆ ಬರೆದು ಹಾಕಿದ್ದೇನೆ.
ನಾಲ್ಕು ಡಬ್ಬಿ.